ಕೌದಿಯ ಕೊನೆಯ ಮೂಲೆ

ಕಳೆದ ವಾರ ಮುಂಡರಗಿಗೆ ಹೋಗಿದ್ದೆ. ನನ್ನ ಚಿಗವ್ವನ ಮಗಳು ಸುನಂದಾಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಂದು ವಾಸನೆ ಮೂಗಿಗೆ ಬಡಿಯಿತು. ಅಂಟುವಾಳದ ನೊರೆಯಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ, ಮಡಚಿಟ್ಟ ಹಳೆಯ ಸೀರೆಗಳ ವಾಸನೆ. ಬೇರೆ ಯಾರಿಗಾದರೂ ಅದರಿಂದ ತವರುಮನೆಯೋ ಅಜ್ಜಿಯ ಮಡಿಲೋ ನೆನಪಾದೀತು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ, ಕಾಲು ಚಾಚಿಕೊಂಡು, ನಾನು ಎಂದೂ ನೋಡಿರದ ಒಬ್ಬ ಮುದುಕಿ ಕೂಸಿನ ಕೌದಿ ಹೊಲಿಯುತ್ತಿದ್ದಳು. ನೆರೆಮನೆಯಾಕೆಯಂತೆ. ತೊಟ್ಟಿಲಿಗೆ ಹೊತ್ತಾಗುವುದರೊಳಗೆ ಮುಗಿಸಬೇಕೆಂದು ಯಾರ ಕಡೆಗೂ ನೋಡದೆ ಸೂಜಿ ಓಡಿಸುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಒಳಗೆ ಎಲ್ಲರೂ ಹೋಳಿಗೆಯ ಗಡಿಬಿಡಿಯಲ್ಲಿದ್ದರು.

ಶಿರಹಟ್ಟಿಯ ಆ ವರ್ಷ ನೆನಪಾದರೆ ಈಗಲೂ ನನಗೆ ಮೊದಲು ಬರುವುದು ಸಿಟ್ಟು, ಉಳಿದದ್ದೆಲ್ಲ ಆಮೇಲೆ. ಬಹಳ ಹಿಂದಿನ ಮಾತೇನಲ್ಲ. ಗದಗಿನ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದೆ. ಆ ಕೆಲಸ ಬಿಟ್ಟು, ದೂರದ ದೊಡ್ಡ ಊರಿನ ಒಂದು ಸಂಸ್ಥೆಯ ಕೆಲಸ ಹಿಡಿದೆ. ಸಂಸ್ಥೆಯ ಹೆಸರು ಬೇಡ. ಅವರ ಯೋಜನೆ ಕೇಳಲಿಕ್ಕೆ ಚೆನ್ನಾಗಿತ್ತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ದರ್ಜಿಗಳು ಕತ್ತರಿಸಿ ಎಸೆಯುವ ಚೂರು, ಅಂಗಡಿಗಳಲ್ಲಿ ಬಣ್ಣ ಮಾಸಿ ಉಳಿದ ಮಾಲು, ಮನೆಮನೆಯ ಟ್ರಂಕುಗಳಲ್ಲಿ ಕೊಳೆಯುವ ಹಳೆಯ ಸೀರೆ, ಇವೆಲ್ಲ ಒಂದು ಆ್ಯಪಿನಲ್ಲಿ ಫೋಟೋ ಸಮೇತ ಕಾಣಬೇಕು. ಹೊಲಿಯಬಲ್ಲ ಹೆಂಗಸರು ಅದನ್ನು ನೋಡಿ ಬಟ್ಟೆ ತರಿಸಿಕೊಂಡು ಕೌದಿ, ಚೀಲ, ದಿಂಬಿನ ಗವಸು ಮಾಡಬೇಕು. ಅದು ಅದೇ ಆ್ಯಪಿನ ಮೂಲಕ ಪಟ್ಟಣಗಳಿಗೆ ಮಾರಾಟವಾಗಬೇಕು. ಇದನ್ನು ಕಟ್ಟಿ, ನಡೆಸಿ ತೋರಿಸುವುದು ನನ್ನ ಕೆಲಸ. ಒಂದೇ ವರ್ಷದ ಅವಕಾಶ. ಅಷ್ಟರಲ್ಲಿ ಕಾಯಂ ಆಗಿ ಕೊಳ್ಳುವ ಒಂದು ದೊಡ್ಡ ಅಂಗಡಿ ಸಿಕ್ಕರೆ ಮುಂದುವರಿಕೆ, ಇಲ್ಲದಿದ್ದರೆ ಬಂದ್. ಈ ಮಾತನ್ನು ಅವರು ಮೊದಲ ದಿನವೇ ಹೇಳಿದ್ದರು.

ನನ್ನ ಅವ್ವನಿಗೆ ಇದು ಮೊದಲ ದಿನದಿಂದಲೂ ಸೇರಲಿಲ್ಲ. ನಮ್ಮದು ಬೆಟಗೇರಿಯ ನೇಕಾರರ ಮನೆ. ಅಪ್ಪನ ಕೈಮಗ್ಗ ನಿಂತು ಎಷ್ಟೋ ಕಾಲವಾಗಿದ್ದರೂ ಅವ್ವ ಇನ್ನೂ ಸೀರೆಯನ್ನು ಸೆರಗಿನ ತುದಿ ಹಿಡಿದು ನೋಡಿಯೇ ಬೆಲೆ ಕಟ್ಟುವವಳು.

"ನಿಮ್ಮಪ್ಪ ಹೊಸಾ ಸೀರಿ ನೇಯ್ದ. ನೀ ಹಳೇ ಸೀರಿ ಆರಸಾಕ ಹೊಂಟಿ. ಇದಕ್ಕ ಏನ್ ಜಯಾ, ಅಷ್ಟು ಓದಿಸಿದ್ದು?" ಅಂದಳು.

ಅವಳಿಗೆ ಹೇಳಿ ತಿಳಿಸುವುದು ನನ್ನಿಂದಾಗಲಿಲ್ಲ. ಒಂದು ಸೀರೆ ಮಗ್ಗದಿಂದ ಇಳಿಯುವುದಕ್ಕೆ ಮನೆಮಂದಿಯೆಲ್ಲ ಎಷ್ಟು ದುಡಿಯುತ್ತಿದ್ದರು ಎನ್ನುವುದನ್ನು ನೋಡಿ ಬೆಳೆದವಳು ನಾನು. ಈಗ ದರ್ಜಿಗಳ ಓಣಿಯ ಹಿಂದೆ ಸಂಜೆಯಾದರೆ ಬಟ್ಟೆಯ ರಾಶಿಗೆ ಬೆಂಕಿ ಹಚ್ಚುತ್ತಿದ್ದರು. ಸುಟ್ಟ ಪಾಲಿಸ್ಟರಿನ ಹೊಗೆ ಗಂಟಲಿಗೆ ಹತ್ತಿಕೊಳ್ಳುತ್ತಿತ್ತು. ಎರಡು ಸಲ ತೊಟ್ಟು ಬಿಸಾಕಿದ ಲೆಗ್ಗಿಂಗು ಗಟಾರದಲ್ಲಿ ತೇಲುತ್ತಿದ್ದವು. ಬಟ್ಟೆ ಅನ್ನುವುದು ಇಷ್ಟು ಅಗ್ಗವಾಯಿತಲ್ಲ ಎಂಬ ಸಂಕಟ ನನ್ನನ್ನು ಈ ಕೆಲಸಕ್ಕೆ ಎಳೆದಿತ್ತು. ಆ ಸಂಕಟ ಖರೆ, ಈಗಲೂ ಖರೆ.

ಬೇಸಗೆಯಲ್ಲಿ ಕೆಲಸ ಶುರುವಾಯಿತು. ಮೊದಲು ಲಕ್ಷ್ಮೇಶ್ವರದ ದರ್ಜಿ ಮೌಲಾಸಾಬರ ಅಂಗಡಿಗೆ ಹೋದೆ. ಊರಿನ ಅರ್ಧ ಜಂಪರುಗಳು ಅವರ ಕತ್ತರಿಯಿಂದಲೇ ಬರುತ್ತವೆ. ಬಿಸಿಲಿಗೆ ತಗಡಿನ ಮಾಡು ಕಾದು, ಒಳಗೆ ಕುಳಿತರೆ ಬೆವರು ಕಣ್ಣಿಗಿಳಿಯುತ್ತಿತ್ತು. ನಾನು ಆ್ಯಪು ಹಾಕಿಕೊಟ್ಟು, ಚೂರುಗಳ ಫೋಟೋ ತೆಗೆದು ಹೇಗೆ ಹಾಕಬೇಕು ಎಂದು ತೋರಿಸಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

"ಬಾಯಾರ, ನಾ ಅರಿವಿ ಹೊಲೀಲ್ಯೋ, ಫೋಟೋ ಹೊಡೀಲ್ಯೋ?"

ಆದರೂ ಒಳ್ಳೆಯ ಮನುಷ್ಯ, ಆಗಲಿ ಅಂದರು. ಮರುವಾರ ಆ್ಯಪು ತೆರೆದು ನೋಡಿದರೆ ಅವರ ಹೆಸರಿನ ಕೆಳಗೆ ಹೊಚ್ಚಹೊಸ ಜಂಪರುಗಳ ಫೋಟೋ ಸಾಲಾಗಿ ನಿಂತಿದ್ದವು. ಜರಿ ಅಂಚಿನದು, ಕನ್ನಡಿ ಹಚ್ಚಿದ್ದು, ಬೆನ್ನಿಗೆ ಗೊಂಡೆ ಕಟ್ಟಿದ್ದು. ನಾನು ಓಡಿ ಹೋಗಿ ಕೇಳಿದೆ.

"ಮಂದಿಗೆ ತೋರ್ಸೂದಂದ್ರ ಛಲೋದು ತೋರ್ಸಬೇಕಲ್ರಿ. ಚಿಂದಿ ತೋರಿಸಿದ್ರ ನನ್ನ ಅಂಗಡಿ ಮರ್ಯಾದಿ ಏನಾಗಬೇಕು?" ಅಂದರು ಮೌಲಾಸಾಬ್. ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ಆ ಜಂಪರುಗಳನ್ನು ಯಾರದೋ ಫೋನಿನಲ್ಲಿ ನೋಡಿಕೊಂಡೇ ಶಿರಹಟ್ಟಿಯಿಂದ ಬಸ್ಸು ಹತ್ತಿ ಬಂದವಳು ರೇಣವ್ವ. ಐವತ್ತು ದಾಟಿದ ಹೆಂಗಸು, ಎತ್ತರದ ಆಳು, ಓಣಿಯ ಈ ತುದಿಯಲ್ಲಿ ಮಾತಾಡಿದರೆ ಆ ತುದಿಗೆ ಕೇಳಿಸುವ ಗಂಟಲು. ಆ್ಯಪಿನಲ್ಲಿ ತೋರಿಸಿದ್ದೀರಿ ಅಂದ ಮೇಲೆ ಕೊಡಬೇಕು ಎಂದು ಅವಳು, ಅದು ಗಿರಾಕಿಯ ಮಾಲು ಎಂದು ಇವರು. ನಾನು ನಡುವೆ ಹೋಗಿ ಇಬ್ಬರ ಬೈಗುಳವನ್ನೂ ಸಮನಾಗಿ ತಿಂದೆ. ಕೊನೆಗೆ ಮೌಲಾಸಾಬರು ಒಂದು ಗೋಣಿಚೀಲದ ತುಂಬ ಹತ್ತಿ ಬಟ್ಟೆಯ ಚೂರು ತುಂಬಿಕೊಟ್ಟರು. ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ನಾನೂ ರೇಣವ್ವನ ಜೊತೆ ಶಿರಹಟ್ಟಿಗೆ ಹೋದೆ. ನಾನು ಕಟ್ಟುತ್ತಿದ್ದ ಇಡೀ ಆ್ಯಪಿಗೆ ಮೊದಲು ಜೀವ ಬಂದದ್ದು ಆ ಗೋಣಿಚೀಲದಿಂದ, ಫೋಟೋದಿಂದಲ್ಲ.

ರೇಣವ್ವನ ಪಡಸಾಲೆ ದೊಡ್ಡದು. ಹೊಲದ ಕೆಲಸ ಇಲ್ಲದ ಹೊತ್ತಿನಲ್ಲಿ ಓಣಿಯ ಹೆಂಗಸರು ಅಲ್ಲಿ ಸೇರಿ ಕೌದಿ ಹೊಲಿಯುತ್ತಿದ್ದರು. ಎದುರುಬದುರು ಕುಳಿತು, ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಗೆ ಬರುತ್ತ ಹೊಲಿಗೆ ಹಾಕುವುದು. ರೇಣವ್ವನ ಸೊಸೆ ಸವಿತಾ ಕಳಸಾಪುರದ ಹುಡುಗಿ. ಪಿಯುಸಿ ಓದಿದ್ದಳು, ಕಂಕುಳಲ್ಲಿ ಸದಾ ಒಂದು ಹೆಣ್ಣುಕೂಸು. ಆ್ಯಪು ಏನೆಂದು ನಾನು ಅರ್ಧ ಹೇಳುವುದರೊಳಗೆ ಉಳಿದರ್ಧ ಅವಳೇ ಹೇಳಿದಳು. ತೊಂದರೆ ಒಂದೇ. ಮನೆಯಲ್ಲಿ ಒಂದು ಫೋನಿದ್ದರೂ ಖಾತೆಗೆ ಜೋಡಿಸಿದ ನಂಬರು ಅವಳ ಗಂಡನ ಬಳಿಯಿತ್ತು, ಆತ ಗೋವೆಯ ಕಡೆ ಜೆಸಿಬಿ ಓಡಿಸುತ್ತಿದ್ದ. ಇಲ್ಲಿ ಇವಳು ಗುಂಡಿ ಒತ್ತಿದರೆ ಓಟಿಪಿ ಗೋವೆಗೆ ಹೋಗುತ್ತಿತ್ತು. ಆತ ಯಂತ್ರದ ಸದ್ದಿನಲ್ಲಿ ಫೋನು ಎತ್ತುವುದರೊಳಗೆ ಹೊತ್ತು ಮೀರಿರುತ್ತಿತ್ತು. ಸಂಸ್ಥೆಯ ಜೊತೆ ವಾರಗಟ್ಟಲೆ ಜಗಳವಾಡಿ ನಾನು ಹೆಂಗಸರ ಕೈಗೇ ಫೋನು ಕೊಡಿಸಿದೆ. ಸವಿತಾಳ ಹೆಸರಿನಲ್ಲಿ ಬಂದ ಮೊದಲ ಫೋನು ಅದು. ಅದಕ್ಕೆ ಅವಳು ಕೂಸಿನ ಹಳೆಯ ಕುಂಚಿಗೆ ಕತ್ತರಿಸಿ ಚೀಲ ಹೊಲಿದಳು.

ಇಷ್ಟಾದರೂ ನನಗೆ ನೆಮ್ಮದಿ ಕೊಡದವನು ಪ್ರತೀಕ. ಸಂಸ್ಥೆಯಲ್ಲಿ ಈ ಯೋಜನೆ ನೋಡಿಕೊಳ್ಳುತ್ತಿದ್ದವನು. ನಮ್ಮ ಜಿಲ್ಲೆಗೆ ಒಮ್ಮೆಯೂ ಕಾಲಿಡಲಿಲ್ಲ, ವಾರಕ್ಕೊಮ್ಮೆ ವೀಡಿಯೊ ಕರೆಯಲ್ಲಿ ಮುಖ ತೋರಿಸುತ್ತಿದ್ದ. ಅವನಿಗೆ ಒಂದೇ ಹುಚ್ಚು.

"ಸ್ಟೋರಿ ಬೇಕು ಮೇಡಂ. ಬರೀ ಪ್ರಾಡಕ್ಟ್ ಯಾರಿಗೆ ಬೇಕು? ಮಾಡಿದವರ ಮುಖ ಕಾಣಬೇಕು, ಕೈ ಕಾಣಬೇಕು."

ಮಾಡುವಾಗಿನ ವೀಡಿಯೊ ಇಲ್ಲದೆ ಯಾವ ವಸ್ತುವೂ ಆ್ಯಪಿನಲ್ಲಿ ಏರಬಾರದು ಎಂದು ಅವನು ನಿಯಮ ಮಾಡಿಸಿದ. ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಎಷ್ಟೋ ಹೆಂಗಸರಿಗೆ ಮುಖ ತೋರಿಸುವುದು ಇಷ್ಟವಿಲ್ಲ, ಕೆಲವರ ಮನೆಯಲ್ಲಿ ಒಪ್ಪುವುದಿಲ್ಲ, ಬೇಕಾದವರು ಹಾಕಲಿ ಬೇಡವಾದವರು ಬಿಡಲಿ ಎಂದು ನಾನು ಎಷ್ಟು ಸಲ ಹೇಳಿದೆನೋ. ಪ್ರತಿ ಸಲವೂ ಅವನು "ಪಾಯಿಂಟ್ ನೋಟೆಡ್ ಮೇಡಂ" ಅನ್ನುತ್ತಿದ್ದ. ನೋಟ್ ಆದದ್ದು ಎಲ್ಲಿ ಹೋಯಿತೋ ಆ ದೇವರಿಗೇ ಗೊತ್ತು. ಸವಿತಾ ಒಂದು ವೀಡಿಯೊ ಏರಿಸಲಿಕ್ಕೆ ಮಾಳಿಗೆ ಹತ್ತಿ, ನೀರಿನ ಟಾಕಿಯ ಪಕ್ಕ ಕೈ ಮೇಲೆತ್ತಿ ನಿಲ್ಲುತ್ತಿದ್ದಳು. ಕೆಳಗೆ ಕೂಸು ಅಳುತ್ತಿತ್ತು.

ಮಳೆಗಾಲದ ಬಾಗಿಲಿಗೆ ನಮ್ಮ ಅದೃಷ್ಟ ತೆರೆಯಿತು ಅಂದುಕೊಂಡೆವು. ದೊಡ್ಡ ಊರಿನ ಅಂಗಡಿಯೊಂದು ಕೂಸುಗಳ ಕೌದಿ ಕೇಳಿತು. ಮೆತ್ತಗಿನ ಹತ್ತಿ ಸೀರೆಯದೇ ಆಗಬೇಕು, ತೊಟ್ಟಿಲಿನ ಅಳತೆ. ಇದು ಸರಿಹೋದರೆ ಕಾಯಂ ಆಗಿ ಕೊಳ್ಳುತ್ತೇವೆ ಅಂದರು. ನಾನು ಕಾಯುತ್ತಿದ್ದದ್ದು ಈ ಒಂದು ಮಾತಿಗೆ. ಹತ್ತಿ ಸೀರೆಗಾಗಿ ಬೆಟಗೇರಿಯ ನಮ್ಮ ಓಣಿಯ ಟ್ರಂಕುಗಳನ್ನೆಲ್ಲ ತೆಗೆಸಿದೆ. ಅವ್ವ ಕೂಡ ಗೊಣಗುತ್ತಲೇ ತನ್ನ ಎರಡು ಸೀರೆ ಕೊಟ್ಟಳು, ಅಪ್ಪ ನೇಯ್ದವು. ಆಷಾಢದ ಗಾಳಿ ಬೀಸುತ್ತಿತ್ತು. ಪಡಸಾಲೆಯ ಬಾಗಿಲು ಹಾಕಿಕೊಂಡು ಹೆಂಗಸರು ಹೊಲಿದರು, ಮೊದಲ ಗಂಟು ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ ಹೋಯಿತು. ಶ್ರಾವಣ ಹಿಡಿಯುತ್ತಲೇ ಜಿಟಿಜಿಟಿ ಮಳೆ. ಬಿಸಿಲು ಕಾಣದೆ ಒಗೆದ ಬಟ್ಟೆಯೆಲ್ಲ ಮುಗ್ಗಲು ವಾಸನೆ ಹೊಡೆಯತೊಡಗಿತು.

ಆಗ ಪ್ರತೀಕನ ಕರೆ ಬಂತು. ಅವತ್ತು ಸ್ಟೋರಿ ಗೀರಿ ಇಲ್ಲ, ನೇರವಾಗಿ ಒಂದು ಫೋಟೋ ಕಳಿಸಿದ. ಕೌದಿಯ ಮೂಲೆಯಿಂದ ಇರುವೆಯ ಸಾಲು ಹೊರಟಿತ್ತು. ಇನ್ನೊಂದು ಫೋಟೋದಲ್ಲಿ ಒಂದು ಕೂಸಿನ ಕೆನ್ನೆ, ಅದರ ಮೇಲೆ ಕೆಂಪು ಗಂಧೆ. ಅಂಗಡಿಯವರು ಮಾಲನ್ನೆಲ್ಲ ಹಿಂದಕ್ಕೆ ಕಳಿಸುತ್ತಿದ್ದರು.

ಮಳೆಯಲ್ಲೇ ಶಿರಹಟ್ಟಿಗೆ ಹೋದೆ. ಎರೆಮಣ್ಣು ಚಪ್ಪಲಿಗೆ ಮೆತ್ತಿ, ಒಂದೊಂದು ಕಾಲೂ ಎತ್ತಲಾರದಷ್ಟು ಭಾರ. ಪಡಸಾಲೆಯಲ್ಲಿ ಹೆಂಗಸರೆಲ್ಲ ಇದ್ದರು. ಕುಳಿತುಕೊಳ್ಳದೆಯೇ ಕೇಳಿದೆ, ಕೌದಿಯಲ್ಲಿ ಇರುವೆ ಹೇಗೆ ಬಂತು?

"ಅತ್ತಿ, ರೊಟ್ಟಿ..." ಅಂದಳು ಸವಿತಾ ಮೆಲ್ಲಗೆ.

"ಹೌದು, ರೊಟ್ಟಿ ಹಾಕೀವ್ರಿ," ಅಂದಳು ರೇಣವ್ವ. ಅವಳ ದನಿಯಲ್ಲಿ ಅಳುಕೇನೂ ಇರಲಿಲ್ಲ. "ಹಾಕಲಾರದ ಮುಚ್ಚಾಕ ಬರತೈತೇನು? ಕೌದಿಗೆ ಹೊಟ್ಟಿ ಇರತೈತ್ರಿ ಬಾಯಾರ. ಕಡೀ ಮೂಲ್ಯಾಗ ಒಂದ್ ಚೂರ ರೊಟ್ಟಿ ಇಟ್ಟು ಮುಚ್ಚಬೇಕು. ಹಸದ ಕೌದಿ ಹೊಚ್ಚಿದ್ರ ಕೂಸು ನಿದ್ದೀನ ಮಾಡಂಗಿಲ್ಲ, ಚೀರತೈತಿ."

ನಮ್ಮ ಮನೆಯಲ್ಲಿ ಕೌದಿ ಹೊಲಿಸುವುದಷ್ಟೇ ಗೊತ್ತು, ಹೊಲಿಯುವುದು ಗೊತ್ತಿಲ್ಲ. ಕೊನೆಯ ಮೂಲೆಯ ಈ ಪದ್ಧತಿ ನಾನು ಕೇಳಿಯೇ ಇರಲಿಲ್ಲ. ಆಮೇಲೆ ಅವ್ವನಿಗೆ ಹೇಳಿದರೆ, "ಅಯ್ಯ, ನನ್ನ ಕೇಳಿದ್ರ ಹೇಳತಿದ್ನಲ್ಲ," ಅಂದಳು. ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಎಲ್ಲರೂ ನನಗೊಬ್ಬಳಿಗೆ ಹೇಳದೆ ಉಳಿಸಿದ್ದರು. ಹೇಳುವಂಥದ್ದು ಅದರಲ್ಲೇನಿದೆ ಅನ್ನುವುದು ಅವರ ಲೆಕ್ಕ.

ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಪ್ಲಾಸ್ಟಿಕ್ ಕವರಿನಲ್ಲಿ, ಮಳೆಗಾಲದಲ್ಲಿ, ರೊಟ್ಟಿ! ಬೂಷ್ಟು ಹಿಡಿಯುವುದಿಲ್ಲವೇ, ಇರುವೆ ಮುತ್ತುವುದಿಲ್ಲವೇ? ರೇಣವ್ವನೂ ನನಗಿಂತ ಗಟ್ಟಿಯಾಗಿ ಕೂಗಿದಳು, ಇಷ್ಟು ವರ್ಷ ಹೊಲಿದಿದ್ದೇವೆ, ಯಾವ ಕೌದಿಗೂ ಇರುವೆ ಬಂದಿಲ್ಲ, ಅವರ ಮನೆಯ ಕಸಕ್ಕೆ ಬಂದಿರಬೇಕು ಎಂದಳು. ಆಗ ನಾನು ಫೋನು ತೆಗೆದು ಆ ಕೂಸಿನ ಕೆನ್ನೆ ತೋರಿಸಿದೆ. ರೇಣವ್ವ ಫೋನನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ಅಯ್ಯ ಶಿವನ... ಎಷ್ಟ ತಿಂಗಳದ ಕೂಸ್ರಿ ಇದು? ಈಗ ಆರಾಮ ಐತೇನ?"

ಆರಾಮ ಇದೆಯಂತೆ ಅಂದೆ. ಫೋನು ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲೇ ಇಲ್ಲ.

ಅಂಗಡಿಯವರು ಇನ್ನೊಂದೇ ಅವಕಾಶ ಕೊಟ್ಟರು. ಎಲ್ಲ ಕೌದಿಗಳ ಮೂಲೆ ಬಿಚ್ಚಿ, ಒಳಗಿನದನ್ನು ತೆಗೆದು, ಒಗೆದು, ಮತ್ತೆ ಮುಚ್ಚಿ ದಸರೆಯೊಳಗೆ ಕಳಿಸಬೇಕು. ಇದು ತಪ್ಪಿದರೆ ಅಂಗಡಿಯೂ ಇಲ್ಲ, ನಮ್ಮ ಆ್ಯಪೂ ಇಲ್ಲ. ವಾಪಸ್ಸು ಬಂದ ಗಂಟುಗಳನ್ನು ಪಡಸಾಲೆಯಲ್ಲಿ ಬಿಚ್ಚಿದೆವು. ಹೆಂಗಸರು ಮರುಮಾತಾಡದೆ ಮೂಲೆಗಳನ್ನೆಲ್ಲ ಬಿಚ್ಚಿದರು, ಒಗೆದರು, ಒಲೆಯ ಕಾವಿಗೆ ಹಿಡಿದು ಒಣಗಿಸಿದರು. ಆದರೆ ಮುಚ್ಚುವ ಕೈ ಮಾತ್ರ ಒಂದೂ ಮುಂದೆ ಬರಲಿಲ್ಲ.

"ತಗಿ ಅಂದ್ರಿ, ತಗದೀವಿ. ಬರೇ ಹೊಟ್ಟೀಲೆ ಮುಚ್ಚೂದು ನಮ್ಮ ಕೈಲೆ ಆಗಂಗಿಲ್ರಿ," ಅಂದಳು ರೇಣವ್ವ. "ಆ ಕೂಸಿಗೆ ಇರಿವಿ ಕಡಿಸಿದ್ದ ಪಾಪ ಬ್ಯಾರೆ. ಇನ್ನೊಂದ್ ಕೂಸನ್ನ ಹಸದ ಕೌದ್ಯಾಗ ಮಲಗಿಸಿ ಮತ್ತೊಂದ್ ಪಾಪ ಯಾಕ ಕಟಗೊಳ್ಳೂಣ?"

ರೊಟ್ಟಿ ಬೇಡ, ನಾಲ್ಕು ಜೋಳದ ಕಾಳು ಇಡೋಣ ಅಂದೆ. ಪ್ರತೀಕ ಒಪ್ಪಲಿಲ್ಲ. ಅರಿಶಿಣದ ಕೊಂಬು? ಒಪ್ಪಲಿಲ್ಲ. "ಬಟ್ಟೆ ಬಿಟ್ಟು ಏನೂ ಇರಬಾರದು ಮೇಡಂ. ಕ್ಲೋಸ್ ಮಾಡೋಕೆ ಏನು ಪ್ರಾಬ್ಲಂ ಅವರಿಗೆ?" ಅವನಿಗೆ ಇದನ್ನು ಹೇಗೆ ಹೇಳುವುದು? ಹೇಳಿದೆ ಕೂಡ. "ವಾವ್, ಇಂಟರೆಸ್ಟಿಂಗ್! ಆದರೆ ಬೇಡ," ಅಂದ. ಅತ್ತ ಅವನ ಬೇಡ, ಇತ್ತ ಇವರ ಬೇಡ. ದಿನ ಸರಿಯುತ್ತಿದ್ದವು. ಪಡಸಾಲೆಯ ಹಗ್ಗದ ಮೇಲೆ ಕೌದಿಗಳು ಮೂಲೆ ತೆರೆದುಕೊಂಡು ನೇತಾಡುತ್ತಿದ್ದವು, ಹೊರಗೆ ಮಳೆ ನಿಲ್ಲುತ್ತಿರಲಿಲ್ಲ. ಒಂದು ದಿನ ತಾಳ್ಮೆ ಹರಿದು, ನೀವು ಹೊಲಿಯದಿದ್ದರೆ ಬೇಡ, ನಾನೇ ಹೊಲಿಯುತ್ತೇನೆ ಎಂದು ಒಂದು ಕೌದಿ ಎಳೆದುಕೊಂಡು ಕುಳಿತೆ. ಎರಡು ಹೊಲಿಗೆ ಹಾಕುವುದರೊಳಗೆ ರೇಣವ್ವ ಬಂದು ಸೂಜಿ ಕಸಿದುಕೊಂಡಳು.

"ಹೊಲದಾಕಿ ಮುಚ್ಚಬೇಕು. ಮಂದಿ ಮುಚ್ಚಬಾರದು," ಅಂದಳು.

ನನಗೆ ಅಳು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅವರೆಲ್ಲರ ಎದುರಿಗೇ ಅತ್ತೆ. ಬಿಟ್ಟುಬಂದ ಕಾಲೇಜು, ಅವ್ವ ಕೊಟ್ಟ ಸೀರೆ, ಮಾಳಿಗೆಯ ಮೇಲೆ ನಿಲ್ಲುವ ಸವಿತಾ, ಎಲ್ಲವೂ ಒಂದು ರೊಟ್ಟಿಯ ಚೂರಿನಲ್ಲಿ ಮುಳುಗಿಹೋಗುತ್ತಿದೆ ಅನ್ನಿಸಿತು. ಯಾರೂ ಸಮಾಧಾನ ಹೇಳಲಿಲ್ಲ. ಊಟದ ಹೊತ್ತಾಗಿತ್ತು. ರೇಣವ್ವ ತಾಟುಗಳನ್ನು ತಂದು ಎಲ್ಲರ ಮುಂದೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ನನ್ನ ಮುಂದೂ ಒಂದು ತಾಟು ಬಂತು. ಸವಿತಾ ಕೂಸಿಗೆ ಹಾಲು ಕುಡಿಸುತ್ತ, ತಾಟು ಮುಟ್ಟದೆ ನನ್ನನ್ನೇ ನೋಡುತ್ತ ಕುಳಿತಿದ್ದಳು. ರೇಣವ್ವನ ಸಿಟ್ಟು ಅವಳ ಕಡೆ ತಿರುಗಿತು.

"ನೀ ಯಾಕ ಹಂಗ ಕುಂತೀಲೇ? ಉಣ್ಣ ಲಗೂನ. ನೀ ಉಂಡ್ರ ಅಲ್ಲೇನು ಅದರ ಹೊಟ್ಟಿಗೆ ಹೋಗೂದು?"

ಅಂದವಳೇ ಕೈಯಲ್ಲಿದ್ದ ರೊಟ್ಟಿಬುಟ್ಟಿ ಹಿಡಿದುಕೊಂಡು ಸುಮ್ಮನೆ ನಿಂತಳು.

"ರೇಣವ್ವ, ಈಗ ಏನಂದ್ರಿ?" ಅಂದೆ ನಾನು.

"ಅಂದದ್ದು ಕೇಳಿಸಿತಲ್ರಿ," ಅಂದಳು. ಬುಟ್ಟಿ ಕೆಳಗಿಟ್ಟಳು. ಹಗ್ಗದ ಮೇಲಿಂದ ತಾನು ಹೊಲಿದ ಕೌದಿ ಇಳಿಸಿ ತಂದು ತೊಡೆಯ ಮೇಲೆ ಹಾಸಿಕೊಂಡಳು. ಸೂಜಿಗೆ ದಾರ ಪೋಣಿಸಿದಳು. ರೊಟ್ಟಿಯ ಒಂದು ಚೂರು ಮುರಿದು, ಅದನ್ನು ಕೌದಿಯ ತೆರೆದ ಮೂಲೆಗೆ ಒಮ್ಮೆ ಮುಟ್ಟಿಸಿ, ತನ್ನ ಬಾಯಿಗೆ ಹಾಕಿಕೊಂಡಳು. ಮೂಲೆ ಮುಚ್ಚುವವರೆಗೆ ಮೆಲ್ಲಗೆ ಅಗಿಯುತ್ತ ಒಂದು ಮಾತೂ ಆಡಲಿಲ್ಲ. ಗಂಟು ಹಾಕಿ, ದಾರ ಹರಿದು, ಆಮೇಲೆ ತುತ್ತು ನುಂಗಿದಳು.

"ತಾಯಿ ಉಂಡ್ಲು, ಕೂಸಿಗೆ ಮುಟ್ಟಿತು," ಅಂದಳು.

ಒಬ್ಬಿಬ್ಬರು ಗೊಣಗಿದರು, ಇದೆಲ್ಲಿಯ ಪದ್ಧತಿ, ನಾವು ಕಂಡಿಲ್ಲ ಕೇಳಿಲ್ಲ ಎಂದರು. ಆದರೆ ಸಂಜೆಯೊಳಗೆ ಅವರೂ ಬಾಯಲ್ಲಿ ತುತ್ತು ಇಟ್ಟುಕೊಂಡು ಸೂಜಿ ಹಿಡಿದಿದ್ದರು. ಓಣಿಯಲ್ಲೇ ಅತಿ ಹೆಚ್ಚು ಮಾತಾಡುವ ಆ ಹೆಂಗಸರು ಅವತ್ತು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಆ ವರ್ಷದಲ್ಲಿ ನಾನು ಹೊಟ್ಟೆ ತುಂಬ ನಕ್ಕದ್ದು ಅದೊಂದೇ ದಿನ.

ಇನ್ನು ವೀಡಿಯೊ. ಅದಿಲ್ಲದೆ ಆ್ಯಪು ಮುಂದಕ್ಕೆ ಬಿಡುವುದಿಲ್ಲವಲ್ಲ. ರೇಣವ್ವ ಮೂಲೆ ಮುಚ್ಚುವುದನ್ನೇ ಸವಿತಾ ತೆಗೆದಳು. ಕಿಟಕಿಯ ಬೆಳಕು, ಅಗಿಯುವ ದವಡೆ, ಓಡುವ ಸೂಜಿ, ಕೊನೆಗೆ ಆ ಒಂದು ಮಾತು. ಎಲ್ಲೂ ಅಲುಗಾಡಿರಲಿಲ್ಲ. ಪ್ರತೀಕ ನೋಡಿ ತಾನೇ ಕರೆ ಮಾಡಿದ. "ಇದು ಸ್ಟೋರಿ ಮೇಡಂ! ಇಷ್ಟು ದಿನ ನಾನು ಕೇಳ್ತಾ ಇದ್ದದ್ದು ಇದನ್ನೇ!" ಹೊಗಳಿದ್ದೇ ಹೊಗಳಿದ್ದು. ಅವನೇ ಮುಂದೆ ನಿಂತು ಅದನ್ನು ಅಂಗಡಿಯವರಿಗೆ ಕಳಿಸಿದ. ಗಂಟುಗಳು ದಸರೆಗೆ ಮೊದಲೇ ಲಾರಿ ಹತ್ತಿದವು.

ಬನ್ನಿ ಕೊಟ್ಟು ಎರಡು ದಿನವಾಗಿರಲಿಲ್ಲ, ಆರ್ಡರು ರದ್ದಾಯಿತು. ಕೂಸುಗಳ ಸಾಮಾನು ಹೊಲಿಯುವಾಗ ಬಾಯಲ್ಲಿ ಎಂಜಲು ಇಟ್ಟುಕೊಂಡು ಹೊಲಿಯುತ್ತಾರೆ, ಇದು ಶುಚಿಯಲ್ಲ ಎಂದು ಅಂಗಡಿಯವರ ತಕರಾರು. ಒಳಗೆ ಇಟ್ಟಾಗ ಇರುವೆ ಬಂತು ಎಂದರು, ಸರಿ, ಒಪ್ಪೋಣ. ಒಳಗೆ ಇಡದೆ ತಿಂದರೂ ತಪ್ಪು. ತಿಂದದ್ದಲ್ಲ, ತಿಂದದ್ದು ಕಂಡದ್ದು ತಪ್ಪು. ತೋರಿಸಿ ತೋರಿಸಿ ಎಂದು ವರ್ಷವಿಡೀ ಪ್ರಾಣ ತಿಂದವರು ನಮ್ಮ ಸಂಸ್ಥೆಯವರೇ.

"ನೀವೇ ಅಲ್ಲವೇ ಅದನ್ನು ಮೆಚ್ಚಿ ಕಳಿಸಿದ್ದು?" ಎಂದು ಪ್ರತೀಕನನ್ನು ಕೇಳಿದೆ.

"ಅದು ನನ್ನ ಪರ್ಸನಲ್ ಒಪೀನಿಯನ್ ಮೇಡಂ," ಅಂದ.

ಆ ಕ್ಷಣ ಅವನು ಎದುರಿಗಿದ್ದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಪರದೆಯ ಮೇಲಿನ ಮುಖವನ್ನು ಆರಿಸಿದೆ, ಅಷ್ಟೇ. ಕಟ್ಟಿದ್ದೆಲ್ಲ ನೀರಿನಲ್ಲಿ ಹೋಮವಾಯಿತು. ವರ್ಷ ಮುಗಿಯುವ ಮೊದಲೇ ಆ್ಯಪು ಮುಚ್ಚುವುದೆಂದು ಬರೆದು ತಿಳಿಸಿದರು. ಕೊಟ್ಟ ಫೋನುಗಳನ್ನೂ ಹಿಂದಕ್ಕೆ ಕೇಳಿದರು, ಅವನ್ನು ಕೂಡಿಸಿ ಕಳಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಸವಿತಾ ಚೀಲದಿಂದ ಫೋನು ತೆಗೆದು ಕೊಡುವಾಗ ಒಂದೇ ಮಾತು ಕೇಳಿದಳು.

"ನಮ್ಮ ಕೂಸಿನ ಫೋಟೋ ಎಲ್ಲಾ ಇದರಾಗ ಅದಾವ್ರಿ ಬಾಯಾರ. ಅವರಿಗೇನು ಉಪಯೋಗ ಅವು?"

ಫೋಟೋಗಳನ್ನೆಲ್ಲ ನನ್ನ ಫೋನಿಗೆ ಹಾಕಿಕೊಂಡು, ಗದಗಿನ ಸ್ಟುಡಿಯೋದಲ್ಲಿ ತೊಳೆಸಿ ತಂದುಕೊಟ್ಟೆ. ಖಾಲಿ ಚೀಲದಲ್ಲಿ ಅವಳು ಅವನ್ನು ಇಟ್ಟುಕೊಂಡಳು.

ರೇಣವ್ವ ಮಾತ್ರ ನನ್ನನ್ನಾಗಲಿ ಸಂಸ್ಥೆಯನ್ನಾಗಲಿ ಬೈಯಲಿಲ್ಲ. ಅವಳಿಗೆ ಅರ್ಥವಾಗದೆ ಉಳಿದದ್ದು ಒಂದೇ. "ಉಂಡದ್ದು ಕಂಡಿತಂತ ಬ್ಯಾಡಂದ್ರ? ಅವರ ಮನ್ಯಾಗ ಯಾರೂ ಉಣ್ಣಂಗಿಲ್ಲೇನು?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳಂತೆ. ಎರಡನೆಯ ಸಲ ಹಿಂದಿರುಗಿದ ಕೌದಿಗಳನ್ನು ಅವಳು ಮಾರಲಿಲ್ಲ. ಕೂಸಿನ ಕೌದಿ ಕೂಸಿದ್ದಲ್ಲಿಗೇ ಹೋಗಲಿ ಅಂದಳು. ತಂತಮ್ಮ ತವರಿಗೆ, ಬೀಗರಿಗೆ, ಬಾಣಂತಿಯರಿದ್ದ ಮನೆಗಳಿಗೆ ಹೆಂಗಸರು ಒಂದೊಂದು ಒಯ್ದರು. ಮುಂಡರಗಿ ಹತ್ತಿರದ ಸಿಂಗಟಾಲೂರಿಗೆ ಹೋದವು, ಬಾಳೆಹೊಸೂರಿಗೆ ಹೋದವು, ಕಳಸಾಪುರಕ್ಕೆ ಸವಿತಾ ತಾನೇ ಒಯ್ದಳು. ನಾನು ಮತ್ತೆ ಕಾಲೇಜು ಸೇರಿ ಮಕ್ಕಳಿಗೆ ಪಾಠ ಹೇಳತೊಡಗಿದೆ. ಆ ಆ್ಯಪಿನ ಹೆಸರು ಒತ್ತಿದರೆ ಈಗ ಖಾಲಿ ಪುಟ ತೆರೆದುಕೊಳ್ಳುತ್ತದೆ.

ಇಷ್ಟೆಲ್ಲ ನೆನೆಯುತ್ತ ಕುಳಿತಿದ್ದಾಗ ಸುನಂದಾಳ ಪಡಸಾಲೆಯಲ್ಲಿ ಮುದುಕಿ ಕೊನೆಯ ಮೂಲೆಗೆ ಬಂದಳು. ಅಡುಗೆಮನೆಯ ಕಡೆ ಕತ್ತು ತಿರುಗಿಸಿ ಕೂಗಿದಳು.

"ಏ ತಂಗೀ, ಒಂದ್ ಚೂರ ರೊಟ್ಟಿ ಕೊಡ್ರಿ ಇಲ್ಲೆ."

ಚಿಗವ್ವ ರೊಟ್ಟಿ ತಂದುಕೊಟ್ಟಳು. ಆ ಇರುವೆಯ ಸಾಲು ಮತ್ತೆ ಕಣ್ಣಿಗೆ ಕಟ್ಟಿ ನಾನು ತಡೆಯಲು ಬಾಯಿ ತೆರೆದೆ. ಮುದುಕಿ ರೊಟ್ಟಿಯ ಚೂರನ್ನು ತೆರೆದ ಮೂಲೆಗೆ ಒಮ್ಮೆ ಮುಟ್ಟಿಸಿ, ತನ್ನ ಬಾಯಿಗೆ ಹಾಕಿಕೊಂಡಳು.

"ಅಮ್ಮಾ, ಅದನ್ನ..." ಅಂದೆ. ಅವಳು ಕೈ ಎತ್ತಿ, ಸುಮ್ಮನಿರು ಎಂದು ಸನ್ನೆ ಮಾಡಿದಳು. ಮೆಲ್ಲಗೆ ಅಗಿಯುತ್ತ ಹೊಲಿಗೆ ಹಾಕಿದಳು. ಗಂಟು ಬಿಗಿದು, ದಾರ ಹರಿದು, ತುತ್ತು ನುಂಗಿದಳು.

"ಮುಚ್ಚೂ ಮುಂದ ಮಾತಾಡಬಾರದವ್ವ," ಅಂದಳು ಆಮೇಲೆ. "ತಾಯಿ ಉಂಡ್ರ ಕೂಸಿಗೆ ಮುಟ್ಟತೈತಿ."

"ರೊಟ್ಟೀನ ಒಳಗ ಇಡಂಗಿಲ್ಲೇನಮ್ಮಾ?" ಎಂದು ಕೇಳಿದೆ.

"ಒಳಗ? ಹುಚ್ಚ ಹಿಡಿದೈತೇನು ನಿನಗ? ಇರಿವಿ ಬರಂಗಿಲ್ಲೇನು? ಕೂಸು ಮಲಗೂದೈತಿ ಅದರಾಗ!"

"ಇದನ್ನ ಯಾರ ಕಲಿಸಿದ್ರಮ್ಮಾ ನಿಮಗ?"

"ಕಲಸೂದೇನು ಬಂತು? ನಮ್ಮ ಅಜ್ಜಿ ಮುತ್ತಜ್ಜಿ ಕಾಲದಿಂದ ಹಿಂಗ ನಡಕೊಂಡ ಬಂದೈತಿ. ನೀವು ಓದಿದವರು, ನಿಮಗಿದೆಲ್ಲಾ ಎಲ್ಲಿ ಗೊತ್ತಿರತೈತಿ."

ಹೇಳಿಬಿಡಬೇಕು ಅನ್ನಿಸಿತು. ಮುತ್ತಜ್ಜಿಯಲ್ಲ, ಶಿರಹಟ್ಟಿಯ ರೇಣವ್ವ, ಹಿಂದೊಂದು ಶ್ರಾವಣದ ಮಧ್ಯಾಹ್ನ, ನಾನು ಅಳುತ್ತ ಕುಳಿತಿದ್ದಾಗ ಎಂದು. ಅಷ್ಟರಲ್ಲಿ ಸುನಂದಾ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಮುದುಕಿ ಕೌದಿಯನ್ನು ಕೊಡವಿ ತೊಟ್ಟಿಲಲ್ಲಿ ಹಾಸಿದಳು.

"ಹೌದಮ್ಮಾ," ಅಂದೆ ನಾನು. "ನನಗ ಗೊತ್ತಿರಲಿಲ್ಲ."